ಪ್ರೊಸೆಸರ್ ತಂಪಿಗೆ ಗಾಳಿಯೋ ನೀರೋ: ಕೊಳ್ಳುವ ಮುನ್ನ ನೋಡಿ

ಸ್ನೇಹಿತರೇ, ಹೊಸ ಡೆಸ್ಕ್‌ಟಾಪ್ ಜೋಡಿಸುವವರು ಮೊದಲು ಪ್ರೊಸೆಸರ್ ಎಷ್ಟು ವಾಟ್ ಎಳೆಯುತ್ತದೆ ಎಂದು ನೋಡಿ; ಹೆಚ್ಚು ಎಳೆದಷ್ಟೂ ಹೆಚ್ಚು ಶಾಖ. ರೈಜನ್ 5 7600ರಂತಹ 65 ವಾಟ್‌ನ ಚಿಪ್‌ಗೆ 120 ಮಿ.ಮೀ. ಫ್ಯಾನಿನ ಟವರ್ ಕೂಲರ್ (ಗೋಪುರದಂತೆ ನಿಲ್ಲುವ, ಗಾಳಿಯಿಂದ ತಂಪಾಗಿಸುವ ಕೂಲರ್) ಧಾರಾಳವಾಗಿ ಸಾಕು. ಕೋರ್ ಐ9-14900ಕೆ ಪೂರ್ತಿ ದುಡಿಯುವಾಗ 253 ವಾಟ್‌ವರೆಗೆ ಎಳೆಯಬಲ್ಲದು; ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡುವವರು ಅದಕ್ಕೆ 360 ಮಿ.ಮೀ. ರೇಡಿಯೇಟರಿನ ಲಿಕ್ವಿಡ್ ಕೂಲರ್ (ಪಂಪಿನಿಂದ ದ್ರವ ಹರಿಸಿ ಶಾಖ ಸಾಗಿಸುವ ಕೂಲರ್) ಹಾಕಿಸುವುದೇ ಸರಿ.

ನೀರಿನದು ಫ್ರಿಜ್‌ನಂತೆ ತಣ್ಣಗಿಡುತ್ತದೆ ಎಂಬ ನಂಬಿಕೆ ಮಾತ್ರ ಬೇಡ. ಎರಡೂ ಶಾಖವನ್ನು ಕೊನೆಗೆ ಕೋಣೆಯ ಗಾಳಿಗೇ ಬಿಡುತ್ತವೆ. ಕಲಬುರಗಿಯ ಬೇಸಿಗೆಯಲ್ಲಿ ಕೋಣೆ 38 ಡಿಗ್ರಿ ಇದ್ದರೆ ಯಾವ ಕೂಲರ್ ಹಾಕಿದರೂ ಪ್ರೊಸೆಸರ್ ಅದಕ್ಕಿಂತ ಕೆಳಗಿಳಿಯದು.

ಹೆಚ್ಚಿನವರಿಗೆ ನಾನು ಹೇಳುವುದು ಗಾಳಿಯದನ್ನೇ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಬದಲಿಸುವುದೂ ಸುಲಭ. ಸಿದ್ಧ ಲಿಕ್ವಿಡ್ ಕೂಲರ್‌ನ ಪಂಪ್ ನಿಂತರೆ ಸಾಮಾನ್ಯವಾಗಿ ಇಡೀ ಕೂಲರನ್ನೇ ಬದಲಿಸಬೇಕು. ಕಳೆದ ಬೇಸಿಗೆಯಲ್ಲಿ ನನ್ನ ಕೂಲರಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಹತ್ತಿಯಂತೆ ಕೂತಿತ್ತು. ಕಂಪ್ಯೂಟರ್ ಆರಿಸಿ, ಮೆತ್ತನೆಯ ಕುಂಚದಿಂದ ಗುಡಿಸಿದ ಮೇಲೆ ಫ್ಯಾನಿನ ಅಬ್ಬರ ಇಳಿಯಿತು.

ಕ್ಯಾಬಿನೆಟ್‌ನಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಮೊದಲೇ ಅಳೆಯಿರಿ. ಕೆಲವು 160 ಮಿ.ಮೀ. ದಾಟುತ್ತವೆ. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕೂರಿಸುವ ಮುನ್ನ ಮರೆಯದೆ ಕಿತ್ತುಹಾಕಿ.