ಮೌಲ್ಯದ ನಕಲಿಗೆ ಟೈಪಿನಲ್ಲೇ ಅಂಕೆ: ನನ್ನ ಅನುಭವ

ಶಿರಸಿಯ ಅಡಿಕೆ ವ್ಯಾಪಾರದ ಲೆಕ್ಕಕ್ಕಾಗಿ ನಾನು ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿಕೊಂಡಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಲಾಟುಗಳಿಗೆ ಟೆಂಡರಿನಲ್ಲಿ ದರವಾದ ಮೇಲೆ ಹಮಾಲಿ, ಕಮಿಷನ್ ಮುಂತಾದ ಕಡಿತಗಳ ನಿಯಮಗಳನ್ನು ಅದರಲ್ಲಿ ಬರೆಯುತ್ತೇವೆ. ಮೊದಲ ಆವೃತ್ತಿಯಲ್ಲಿ ಫಂಕ್ಷನ್ನಿಗೆ (ಒಂದು ಕೆಲಸ ಮಾಡುವ, ಹೆಸರಿಟ್ಟ ಕೋಡಿನ ತುಣುಕಿಗೆ) ಕೊಟ್ಟ ಪ್ರತಿ ಮೌಲ್ಯವೂ ತಾನಾಗಿಯೇ ನಕಲಾಗುತ್ತಿತ್ತು. ಹೀಗಾಗಿ ‘ತೂಕ_ತಿದ್ದು(ಲಾಟ್)’ ಎಂದು ಬರೆದರೆ ತಿದ್ದುಪಡಿಯಾಗುವುದು ನಕಲಿನಲ್ಲಿಯೇ ಹೊರತು ಮೂಲ ಲಾಟಿನಲ್ಲಲ್ಲ. ಆ ಸಾಲನ್ನು ಎಷ್ಟು ಸಲ ಓದಿದರೂ ಅದು ಗೊತ್ತಾಗುವುದಿಲ್ಲ.

ಸಿ++ ಭಾಷೆಯಲ್ಲೂ ಇದೇ ರೂಢಿಯಿದೆ. 2011ರ ಆವೃತ್ತಿಯಲ್ಲಿ ಮೌಲ್ಯವನ್ನು ನಕಲಿಸದೆ ಸಾಗಿಸುವ ಸೌಲಭ್ಯ ಬಂದರೂ, ಹೆಸರಿರುವ ಮೌಲ್ಯವನ್ನು ಸುಮ್ಮನೆ ಕೊಟ್ಟರೆ ಆಗುವುದು ನಕಲೇ. 2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಭಾಷೆ ಇದನ್ನು ತಿರುವುಮುರುವು ಮಾಡಿತು: ಅಲ್ಲಿ ಮೌಲ್ಯ ಕೈಬದಲಾಗುತ್ತದೆ, ಅಂದರೆ ಕೊಟ್ಟ ಮೇಲೆ ಹಳೆಯ ಹೆಸರಿನಿಂದ ಅದನ್ನು ಬಳಸುವಂತಿಲ್ಲ; ‘ಕಾಪಿ’ ಎಂದು ಘೋಷಿಸಿಕೊಂಡ ಟೈಪುಗಳು (ಮೌಲ್ಯದ ಬಗೆಗಳು) ಮಾತ್ರ ಸದ್ದಿಲ್ಲದೆ ನಕಲಾಗುತ್ತವೆ, ಉಳಿದವಕ್ಕೆ ‘ಕ್ಲೋನ್’ ಎಂದು ಬರೆಯಲೇಬೇಕು. ನಾನು ಹಿಡಿದದ್ದು ಈ ದಾರಿಯನ್ನೇ.

ಯಾವ ಟೈಪಿಗೆ ಸದ್ದಿಲ್ಲದೆ ನಕಲಾಗುವ ಸಲಿಗೆ ಕೊಡಬೇಕೆಂಬುದೇ ಹೆಚ್ಚು ಯೋಚನೆ ಬೇಡಿದ ಭಾಗ. ಗಾತ್ರವೇ ಅಳತೆಗೋಲೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ರಸ್ಟ್‌ನಲ್ಲಿ 4096 ಬೈಟಿನ ಅರೇ (ಒಂದೇ ಬಗೆಯ ಮೌಲ್ಯಗಳ ಸಾಲು) ಮಾತಿಲ್ಲದೆ ನಕಲಾಗುತ್ತದೆ. ಒಂದೇ ಮೌಲ್ಯವನ್ನು ಹಲವರು ಹಂಚಿಕೊಳ್ಳಲು ಬಿಡುವ, ನಕಲಿಸಿದಾಗ ಹಂಚಿಕೊಂಡವರ ಲೆಕ್ಕವನ್ನು ಬರೀ ಒಂದು ಹೆಚ್ಚಿಸುವ ‘ಆರ್‌ಸಿ’ಗೆ ಕ್ಲೋನ್ ಎಂದು ಬರೆಯಬೇಕಾಗುತ್ತದೆ. ಆರಂಭ, ಅಂತ್ಯ ಎಂಬ ಎರಡೇ ಪೂರ್ಣಾಂಕಗಳಿರುವ ‘ರೇಂಜ್’ ಕೂಡ ಕಾಪಿ ಅಲ್ಲ, ಏಕೆಂದರೆ ಅದೇ ಇಟರೇಟರ್ (ಒಂದೊಂದೇ ಮೌಲ್ಯ ಕೊಡುತ್ತ ಮುಂದೆ ಸಾಗುವ ವಸ್ತು) ಆಗಿರುವುದರಿಂದ ನಕಲು ಮುಂದೆ ಸಾಗಿದರೂ ಮೂಲ ಇದ್ದಲ್ಲಿಯೇ ಉಳಿದು ಗೊಂದಲವಾಗುತ್ತದೆ. ನನ್ನ ಭಾಷೆಯಲ್ಲಿ ಲಾಟಿಗೆ ಕ್ರಮಸಂಖ್ಯೆ ಕೊಡುವ ‘ಎಣಿಕೆ’ ಎಂಬ ಟೈಪ್ ಹೀಗೆಯೇ ಇದೆ: ಒಳಗಿರುವುದು ಒಂದೇ ಪೂರ್ಣಾಂಕ, ಆದರೆ ಅದು ಅರಿವಿಲ್ಲದೆ ನಕಲಾದರೆ ಎರಡು ಲಾಟುಗಳಿಗೆ ಒಂದೇ ಸಂಖ್ಯೆ ಬೀಳುತ್ತದೆ. ಆದ್ದರಿಂದ ದರ, ತೂಕ, ದರ್ಜೆಗಳಿಗೆ ಮಾತ್ರ ಸಲಿಗೆ ಕೊಟ್ಟೆ. ಲಾಟ್, ಎಣಿಕೆಗಳಿಗೆ ಕೊಡಲಿಲ್ಲ.

ಒಂದು ಟೈಪಿನ ಒಳಗಿನ ಫೀಲ್ಡುಗಳೆಲ್ಲ (ಅದರ ಬಿಡಿ ಭಾಗಗಳೆಲ್ಲ) ನಕಲಾಗುವಂಥವಾದರೆ ಹೊರಗಿನ ಟೈಪಿಗೂ ಚೆಕ್ಕರ್ (ಈ ನಿಯಮಗಳನ್ನು ಪರಿಶೀಲಿಸುವ ಭಾಗ) ತಾನೇ ಆ ಗುಣವನ್ನು ಕೊಡಬಹುದಿತ್ತು. ನಾನು ಅದನ್ನು ಬೇಕೆಂದೇ ಬಿಟ್ಟೆ. ಮುಂದೊಂದು ದಿನ ಯಾರೋ ನಕಲಾಗದ ಒಂದು ಫೀಲ್ಡ್ ಸೇರಿಸಿದರೆ ಗುಣ ಸದ್ದಿಲ್ಲದೆ ಹೋಗಿ, ಸಂಬಂಧವೇ ಇಲ್ಲದ ಕಡತಗಳಲ್ಲಿ ದೋಷಗಳು ಏಳುತ್ತವೆ. ಟೈಪಿನ ಮೇಲೆ ಘೋಷಣೆಯಿದ್ದರೆ ದೋಷ ಅಲ್ಲಿಯೇ ಕಾಣುತ್ತದೆ.

ಚೆಕ್ಕರಿನ ಉಳಿದ ಕೆಲಸ ಅಷ್ಟು ಕಷ್ಟದ್ದಲ್ಲ. ಷರತ್ತು ಹೇಳುವ ‘ಇಫ್’ನ ಒಂದು ಕವಲಿನಲ್ಲಿ ಮೌಲ್ಯ ಕೈಬದಲಾದರೂ ಕವಲುಗಳು ಸೇರಿದ ಮೇಲೆ ಅದು ಹೋಯಿತೆಂದೇ ಲೆಕ್ಕ. ಮತ್ತೆ ಮತ್ತೆ ನಡೆಯುವ ಲೂಪಿನ ಒಡಲನ್ನು ಎರಡು ಸಲ ಪರಿಶೀಲಿಸಿದರೆ, ಮೊದಲ ಸುತ್ತಿನಲ್ಲಿ ಹೋದದ್ದನ್ನು ಎರಡನೆಯ ಸುತ್ತು ಕೇಳುವ ಪ್ರಸಂಗ ಸಿಕ್ಕಿಬೀಳುತ್ತದೆ.

ಹೆಚ್ಚು ತಿದ್ದಿದ್ದು ದೋಷದ ಸಂದೇಶವನ್ನು. ನನ್ನ ಭಾಷೆಯಲ್ಲಿ ಕ್ಲೋನಿಗೆ ಸಮನಾದ ‘ನಕಲು()’ ಸೇರಿಸಿ ಎಂದು, ಕೋಡನ್ನು ಓದಿ ಅನುವಾದಿಸುವ ಕಂಪೈಲರ್ ಸೂಚಿಸಿದರೆ ಬರೆಯುವವರು ಹಿಂದುಮುಂದು ನೋಡದೆ ಸೇರಿಸಿಬಿಡುತ್ತಾರೆ, ಆಗ ಹಳೆಯ ತೊಡಕೇ ಹೊಸ ವೇಷದಲ್ಲಿ ಮರಳುತ್ತದೆ. ಈಗಿನ ಸಂದೇಶ ಮೊದಲು ಮೌಲ್ಯ ಎಲ್ಲಿ ಕೈಬದಲಾಯಿತೆಂದು ಸಾಲಿನ ಸಂಖ್ಯೆಯೊಡನೆ ತೋರಿಸುತ್ತದೆ, ಬಳಿಕ ಕೈಬದಲಾಯಿಸದೆ ಓದಲು ಮಾತ್ರ ಎರವಲು ಕೊಟ್ಟರೆ ಸಾಕೇ ಎಂದು ಕೇಳುತ್ತದೆ. ನಕಲಿನ ಸಲಹೆ ಬರುವುದು ಕೊನೆಯ ಸಾಲಿನಲ್ಲಿ, ಅದೂ ಎಣಿಕೆಯಂಥ ಟೈಪುಗಳಿಗೆ ಬರುವುದೇ ಇಲ್ಲ.