ಡೌನ್‌ಟೌನ್ ಪಕ್ಕದ ಹಳೇ ಇಟ್ಟಿಗೆ ಮನೆ: ಕೊಂಡದ್ದು, ನೋಡಿಕೊಂಡದ್ದು

ಉತ್ತರ ಕ್ಯಾರೊಲೈನಾದ ಸ್ಯಾನ್‌ಫರ್ಡ್‌ಗೆ ಒಂದು ಕಾಲದಲ್ಲಿ 'ಅಮೆರಿಕದ ಇಟ್ಟಿಗೆ ರಾಜಧಾನಿ' ಅಂತ ಹೆಸರಿತ್ತು. ಕಾರಣ ಊರಿನ ನೆಲದಲ್ಲೇ ಇದೆ. ಡೀಪ್ ನದಿಯ ಆಸುಪಾಸಿನ ಈ ತಗ್ಗಿನಲ್ಲಿ 20 ಕೋಟಿ ವರ್ಷಕ್ಕೂ ಹಳೆಯ ಕೆಂಪು ಜೇಡಿಯ ಪದರಗಳಿವೆ. ಮಳೆ ಬಂದರೆ ಕಾರಿನ ಟೈರು, ಮಕ್ಕಳ ಶೂ, ಬಾಗಿಲ ಮುಂದಿನ ಮೆಟ್ಟಿಲು ಎಲ್ಲಾ ಕೆಂಪು. ಡೌನ್‌ಟೌನ್ ಸುತ್ತಲಿನ ಬೀದಿಗಳಲ್ಲಿ ಸಾಲು ಸಾಲಾಗಿ ಇಟ್ಟಿಗೆ ಮನೆಗಳು. ಅಂಥ ಒಂದರಲ್ಲಿ ನಾವಿದ್ದೇವೆ. 1950ರ ದಶಕದ ಕೊನೆಗೆ ಕಟ್ಟಿದ, ಒಂದೇ ಅಂತಸ್ತಿನ ರ‍್ಯಾಂಚ್ ಮನೆ.

ಮೊದಲು ಕ್ಯಾರಿ ಹತ್ತಿರದ ಹೊಸ ಬಡಾವಣೆಯಲ್ಲಿದ್ದೆವು. ಈಗ ಯುಎಸ್ 1 ಹೆದ್ದಾರಿಯಲ್ಲಿ ಅದೇ ಆಫೀಸಿಗೆ ಓಡಾಟ. ಸ್ನೇಹಿತರು ಕೇಳುತ್ತಾರೆ, ಅಷ್ಟು ದೂರ ಹೋಗಿ ಹಳೇ ಮನೆ ಯಾಕೆ ತಗೊಂಡ್ರಿ ಅಂತ. ನನಗೆ ಹಳೇ ಮನೆಯ ಮೇಲೆ ಒಂದು ನಂಬಿಕೆ ಇದೆ. ಕುಸಿಯಬೇಕಾದ ಮಣ್ಣು ಅಲ್ಲಿ ಕುಸಿದಾಗಿದೆ, ಬಿಡಬೇಕಾದ ಬಿರುಕು ಬಿಟ್ಟಾಗಿದೆ. ನೋಡಲು ಕಲಿತರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಮತ್ತೆ, ಇಟ್ಟಿಗೆ ತನ್ನ ಪಾಡಿಗೆ ತಾನು ಇರುತ್ತದೆ. ನಾವು ಕಾಯಬೇಕಾದದ್ದು ನೀರನ್ನು. ಇಲ್ಲಿಗೆ ಬಂದ ಮೇಲೆ ನಾನು ಮಾಡಿದ ಕೆಲಸವೆಲ್ಲ ಹೆಚ್ಚುಕಡಿಮೆ ನೀರನ್ನು ದೂರ ಇಡುವ ಕೆಲಸವೇ.

ಮನೆ ನೋಡಲು ಹೋದಾಗ ಮೊದಲು ತಿಳಿದುಕೊಂಡದ್ದು, ಗೋಡೆ ಪೂರ್ತಿ ಇಟ್ಟಿಗೆಯದೋ, ಬರೀ ಹೊದಿಕೆಯೋ ಅನ್ನುವುದು. 1920ರ ಸುಮಾರಿನ ಎಷ್ಟೋ ಮನೆಗಳಲ್ಲಿ ಗೋಡೆ ಗಟ್ಟಿ ಇಟ್ಟಿಗೆಯದೇ, ಚಾವಣಿಯ ಭಾರ ಅದರ ಮೇಲೇ. ಅಂಥ ಗೋಡೆಯಲ್ಲಿ ಕೆಲವು ವರಸೆಗೊಮ್ಮೆ ಇಟ್ಟಿಗೆಗಳನ್ನು ಅಡ್ಡ ತಿರುಗಿಸಿ ಇಟ್ಟಿರುತ್ತಾರೆ. ಹೊರಗಿನಿಂದ ಅವುಗಳ ಗಿಡ್ಡ ತಲೆ ಕಾಣುತ್ತದೆ. ನಮ್ಮ ಕಾಲದ ರ‍್ಯಾಂಚ್ ಮನೆಗಳಲ್ಲಿ ಹಾಗಿಲ್ಲ. ಒಳಗೆ ಮರದ ಚೌಕಟ್ಟು, ಹೊರಗೆ ಒಂದೇ ಸಾಲು ಇಟ್ಟಿಗೆ, ನಡುವೆ ಬೆರಳು ತೂರುವಷ್ಟು ಸಂದು. ಎರಡನ್ನೂ ಹಿಡಿದಿಡುವುದು ತಗಡಿನ ಪಟ್ಟಿಗಳು. ಭಾರವೆಲ್ಲ ಮರದ ಮೇಲೆ. ಇಟ್ಟಿಗೆ ದಾಟಿ ಬಂದ ನೀರು ಆ ಸಂದಿನಲ್ಲಿ ಇಳಿದು, ಕೆಳಗಿನ ವರಸೆಯಲ್ಲಿ ಬಿಟ್ಟ ಸಣ್ಣ ಕಿಂಡಿಗಳಿಂದ ಹೊರಗೆ ಹೋಗಬೇಕು. ಹಳೇ ಮನೆಗಳಲ್ಲಿ ಎಷ್ಟೋ ಸಲ ಆ ಕಿಂಡಿ ಇರುವುದೇ ಇಲ್ಲ, ಇದ್ದರೂ ಯಾರೋ ಗಾರೆ ಮೆತ್ತಿರುತ್ತಾರೆ. ಹೂವಿನ ಪಾತಿಯ ಮಣ್ಣು ಏರಿಸಿ ಮುಚ್ಚಿದ್ದನ್ನೂ ನೋಡಿದ್ದೇನೆ. ನಮ್ಮ ಮನೆಯಲ್ಲಿ ಕಿಂಡಿಗಳಿದ್ದವು, ಮುಂಬದಿಯವು ಮಾತ್ರ ಪಾತಿಯ ಕೆಳಗೆ ಹೂತುಹೋಗಿದ್ದವು. ಬಂದ ಹೊಸತರಲ್ಲಿ ಮಾಡಿದ ಕೆಲಸವೇ ಅದು: ಗುದ್ದಲಿ ಹಿಡಿದು ಮಣ್ಣು ಕೆಳಗಿಳಿಸಿ, ಇಳಿಜಾರು ಬೀದಿಯ ಕಡೆ ತಿರುಗಿಸಿದ್ದು.

ಈ ರಾಜ್ಯದಲ್ಲಿ ಮನೆ ಕೊಳ್ಳುವವರಿಗೆ 'ಡ್ಯೂ ಡಿಲಿಜೆನ್ಸ್' ಅಂತ, ಮನೆಯನ್ನು ಪರೀಕ್ಷೆ ಮಾಡಿಸಿ ಬೇಡವಾದರೆ ಬಿಟ್ಟುಬಿಡಲು ಒಂದು ಅವಧಿ ಸಿಗುತ್ತದೆ. ಅದಕ್ಕಾಗಿ ಮಾರುವವರಿಗೆ ಕೊಟ್ಟ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಆ ದಿನಗಳನ್ನು ಪೂರ್ತಿ ದುಡಿಸಿಕೊಳ್ಳಬೇಕು. ಮಾಮೂಲಿ ಇನ್‌ಸ್ಪೆಕ್ಷನ್ ಜೊತೆಗೆ ನಾವು ಗೆದ್ದಲಿನ ವರದಿ ತರಿಸಿದೆವು. ಮನೆಯಿಂದ ಬೀದಿಯ ಚರಂಡಿಗೆ ಹೋಗುವ ಪೈಪಿನೊಳಗೆ ಕ್ಯಾಮೆರಾ ಬಿಡಿಸಿದೆವು. ಆ ಕಾಲದ ಪೈಪು ಬೀಡುಕಬ್ಬಿಣದ್ದೋ ಸುಟ್ಟ ಮಣ್ಣಿನದ್ದೋ ಇರುತ್ತದೆ. ಮಣ್ಣಿನ ಪೈಪಿನ ಕೀಲುಗಳಲ್ಲಿ ಮರದ ಬೇರು ನುಗ್ಗುತ್ತದೆ. ಕ್ಯಾಮೆರಾದ ಚಿತ್ರದಲ್ಲಿ ಒಂದು ಕಡೆ ಕೂದಲಿನ ಜಡೆಯಂಥ ಬೇರು ತೂಗಾಡುತ್ತಿತ್ತು. ಅದನ್ನು ತೋರಿಸಿಯೇ ಬೆಲೆ ಮಾತಾಡಿದೆವು.

ವೈರಿಂಗ್, ಬಣ್ಣ ಇವುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1978ಕ್ಕಿಂತ ಮೊದಲಿನ ಮನೆ ಅಂದರೆ ಬಣ್ಣದಲ್ಲಿ ಸೀಸ ಇರಬಹುದು. ಮಾರುವವರು ತಮಗೆ ತಿಳಿದದ್ದನ್ನು ಬರೆದು ಕೊಡಲೇಬೇಕು ಅಂತ ಕಾನೂನಿದೆ. ಚಿಕ್ಕ ಮಕ್ಕಳಿದ್ದರೆ ಕಿಟಕಿ ಚೌಕಟ್ಟಿನ ಬಣ್ಣವನ್ನು ಪರೀಕ್ಷೆ ಮಾಡಿಸದೆ ಉಜ್ಜಬೇಡಿ. ಒಂಬತ್ತು ಇಂಚಿನ ಚೌಕದ ಹಳೇ ನೆಲಹಾಸು ಕಂಡರೆ ಕೀಳಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ. ಎರಡೇ ತೂತಿನ ಪ್ಲಗ್ ಪಾಯಿಂಟುಗಳಿದ್ದರೆ ಅರ್ಥಿಂಗ್ ಇಲ್ಲ ಅಂತಲೇ ಲೆಕ್ಕ, ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಮನೆಯ ನಿಜವಾದ ಸ್ಥಿತಿ ತಿಳಿಯುವುದು ನೆಲದ ಕೆಳಗೆ. ಇಲ್ಲಿನ ಬಹುಪಾಲು ಹಳೇ ಮನೆಗಳಿಗೆ ತೆವಳಿಕೊಂಡು ಹೋಗುವಷ್ಟೇ ಎತ್ತರದ ಕ್ರಾಲ್ ಸ್ಪೇಸ್ ಇರುತ್ತದೆ. ಗಾಳಿಯಾಡಲಿ ಅಂತ ಅಡಿಪಾಯದಲ್ಲಿ ಜಾಲರಿ ಕಿಂಡಿ ಇಟ್ಟಿರುತ್ತಾರೆ. ಆದರೆ ಇಲ್ಲಿನ ಬೇಸಿಗೆಯ ಗಾಳಿ ತೇವ ಹೊತ್ತ ಗಾಳಿ. ಅದು ಒಳಗೆ ಹೋಗಿ ಎಸಿ ಕೊಳವೆ, ತಣ್ಣನೆ ತೊಲೆ ಮುಟ್ಟಿದ ಕೂಡಲೇ ಹನಿಯಾಗುತ್ತದೆ. ಜುಲೈ ತಿಂಗಳಲ್ಲಿ ಟಾರ್ಚ್ ಹಿಡಿದು ಒಳಗೆ ಹೋದರೆ ಕೊಳವೆಯ ಹೊಟ್ಟೆಯಿಂದ ತೊಟ್ಟಿಕ್ಕುತ್ತಿರುವುದು ಕಾಣುತ್ತದೆ. ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಮರ ಮೆತ್ತಗಾಗಿದೆ. ನಾವು ಮೊದಲು ಚಾವಣಿ ಅಂಚಿನ ಮಳೆನೀರಿನ ಗಟರ್ ಸರಿ ಮಾಡಿಸಿ, ಅದರ ಬಾಯನ್ನು ಗೋಡೆಯಿಂದ ದೂರ ಒಯ್ದೆವು. ಆಮೇಲೆ ನೆಲಕ್ಕೆಲ್ಲ ದಪ್ಪ ಪ್ಲಾಸ್ಟಿಕ್ ಹಾಸಿ, ಅಡಿಪಾಯದ ಜಾಲರಿ ಕಿಂಡಿ ಮುಚ್ಚಿ, ತೇವ ಹೀರುವ ಯಂತ್ರ ಕೂರಿಸಿದೆವು. ಈ ಕ್ರಮ ಮುಖ್ಯ. ಹೊರಗಿನ ನೀರು ನಿಲ್ಲಿಸದೆ ಒಳಗೆ ಯಂತ್ರ ಇಟ್ಟರೆ ಸುಮ್ನೆ ಕರೆಂಟು ಖರ್ಚು. ಕಿಂಡಿ ಮುಚ್ಚುವ ಮೊದಲು ಗೆದ್ದಲಿನ ಕಂಪನಿಯವರನ್ನೂ ಕೇಳಿ. ಗೋಡೆಯ ಒಳಮೈಯಲ್ಲಿ ನೋಡಲು ಒಂದಿಷ್ಟು ಜಾಗ ಖಾಲಿ ಬಿಡಿ ಅನ್ನುತ್ತಾರೆ. ಗೆದ್ದಲಿನ ಮಣ್ಣಿನ ದಾರಿ ಕಾಣಬೇಕಲ್ವಾ, ಅದಕ್ಕೆ.

ಇನ್ನು ಪಾಯಿಂಟಿಂಗ್, ಅಂದರೆ ಇಟ್ಟಿಗೆಗಳ ನಡುವಿನ ಸಂದಿನಿಂದ ಹಾಳಾದ ಗಾರೆ ತೆಗೆದು ಹೊಸದು ತುಂಬುವುದು. ಇಟ್ಟಿಗೆ ಮನೆಯಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು. ನಮ್ಮ ಚಿಮಣಿಯ ಮೇಲ್ಭಾಗದಲ್ಲಿ, ಗಟರ್ ಸೋರಿದ್ದ ಮೂಲೆಯಲ್ಲಿ ಗಾರೆ ಉದುರುತ್ತಿತ್ತು. ಸಿಮೆಂಟು ಗಟ್ಟಿ, ಅದನ್ನೇ ತುಂಬಿದರಾಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಲೆಕ್ಕ ತಿರುಗಾಮುರುಗಾ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಬಿಸಿಲಿಗೆ, ಚಳಿಗೆ ಗೋಡೆ ಅಲುಗಾಡುತ್ತದೆ. ಮೆತ್ತನೆ ಗಾರೆ ಆ ಅಲುಗಾಟ ತಾಳಿಕೊಳ್ಳುತ್ತದೆ, ಗೋಡೆಯೊಳಗಿನ ತೇವವೂ ಅದರ ಮೂಲಕವೇ ಆರುತ್ತದೆ. ಗಟ್ಟಿ ಸಿಮೆಂಟು ತುಂಬಿದರೆ ತೇವ ಇಟ್ಟಿಗೆಯಿಂದಲೇ ಹೊರಬರಬೇಕು. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಹಪ್ಪಳದಂತೆ ಎದ್ದು ಬೀಳುತ್ತದೆ. ಗಾರೆ ಹೋದರೆ ಮತ್ತೆ ತುಂಬಬಹುದು. ಇಟ್ಟಿಗೆಯ ಮುಖ ಹೋದರೆ ಹೋಯಿತು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಆದರೂ ಅಮೆರಿಕದ ಹಳೇ ಕಟ್ಟಡಗಳ ಗೋಡೆಯಲ್ಲಿ ಬಹುಕಾಲ ಸುಣ್ಣದ್ದೇ ರಾಜ್ಯ. ಡೌನ್‌ಟೌನ್‌ನ ಹಳೇ ಅಂಗಡಿ ಸಾಲಿನ ಗೋಡೆಗೂ ನಮ್ಮ 1950ರ ದಶಕದ ಗೋಡೆಗೂ ಒಂದೇ ಮದ್ದು ಅಲ್ಲ. ನಮ್ಮದರಲ್ಲಿ ಸಿಮೆಂಟು, ಸುಣ್ಣ ಎರಡೂ ಇತ್ತು. ಇಲ್ಲಿ ಗಾರೆಯನ್ನು ಎಮ್, ಎಸ್, ಎನ್, ಓ ಅಂತ ಗಟ್ಟಿಯಿಂದ ಮೆತ್ತಗೆ ವಿಂಗಡಿಸುತ್ತಾರೆ. ನಮಗೆ ಎನ್ ಸಾಕಾಯಿತು. ರಾಷ್ಟ್ರೀಯ ಉದ್ಯಾನ ಇಲಾಖೆ ಹಳೇ ಕಟ್ಟಡಗಳ ದುರಸ್ತಿಗೆ ಅಂತಲೇ ಪುಕ್ಕಟೆ ಕೈಪಿಡಿಗಳನ್ನು ಕೊಡುತ್ತದೆ. ಅದರ ಎರಡನೆಯದು ಪೂರ್ತಿ ಪಾಯಿಂಟಿಂಗ್ ಬಗ್ಗೆಯೇ. ಮೇಸ್ತ್ರಿ ಕರೆಸುವ ಮೊದಲು ಅದನ್ನು ಓದಿ, ಯಾವ ಪ್ರಶ್ನೆ ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

ನಮಗೆ ಸಿಕ್ಕ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಬಂದವರೇ ಉದುರಿದ ಗಾರೆಯ ಚೂರೊಂದನ್ನು ಬೆರಳಲ್ಲಿ ಪುಡಿ ಮಾಡಿ ಅಂಗೈ ಮೇಲೆ ಹರಡಿದರು. ಅವರು ನೋಡುತ್ತಿದ್ದದ್ದು ಮರಳನ್ನು. ಗಾರೆಯ ಬಣ್ಣ ಬರುವುದು ಜಾಸ್ತಿ ಮರಳಿನಿಂದಲೇ. ನಮ್ಮದರಲ್ಲಿ ಸ್ವಲ್ಪ ಹಳದಿ ಬೆರೆತ ದಪ್ಪ ಕಾಳು ಇತ್ತು. ಎರಡು ಮೂರು ಬಗೆಯ ಮರಳಲ್ಲಿ ಕಲಸಿ ಹಿಂಬದಿ ಗೋಡೆಯಲ್ಲಿ ಮಾದರಿ ತುಂಬಿ, ಒಣಗಲಿ ಅಂತ ಬಿಟ್ಟು ಹೋದರು. ಹಸಿಯಾಗಿದ್ದಾಗ ಎಲ್ಲವೂ ಒಂದೇ ಥರ ಕಾಣುತ್ತಿತ್ತು. ಒಣಗಿದ ಮೇಲೆ ಒಂದೇ ಒಂದು ಹಳೆಯದರ ಜೊತೆ ಕೂಡಿಕೊಂಡಿತು.

ಹಳೇ ಗಾರೆಯನ್ನು ಉಳಿ ಸುತ್ತಿಗೆಯಲ್ಲೇ ತೆಗೆದರು, ಗ್ರೈಂಡರ್ ಮುಟ್ಟಲಿಲ್ಲ. ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ತೆಗೆಯಬೇಕು, ಇಲ್ಲವಾದರೆ ಹೊಸದು ಕಚ್ಚಿಕೊಳ್ಳುವುದಿಲ್ಲ. ಧೂಳು ತೆಗೆದು, ನೀರು ಚಿಮುಕಿಸಿ, ಒಂದೇ ಸಲಕ್ಕೆ ತುಂಬದೆ ಪದರ ಪದರವಾಗಿ ಒತ್ತುತ್ತಾ ಬಂದರು. ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಗಾರೆ ಮಾತ್ರ ಬೆರಳಿಗೆ ಅಂಟಬಾರದು. ಆ ಹದಕ್ಕೆ ಬಂದಾಗ ಸಂದು ಎಳೆದು ನುಣುಪು ಮಾಡಿದರು. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು, ಬೇಗ ಒಣಗದಂತೆ ನೋಡಿಕೊಳ್ಳಲು ನನಗೆ ಹೇಳಿ ಹೋದರು. ಸಂಜೆ ಆಫೀಸಿಂದ ಬಂದ ಕೂಡಲೇ ತಾಟಿಗೆ ನೀರು ಹೊಡೆಯುವುದು ನನ್ನ ಕೆಲಸವಾಯಿತು.

ಬಣ್ಣದ ವಿಷಯ ಹೇಳಲೇಬೇಕು. ಇಟ್ಟಿಗೆ ಮನೆಗೆ ಬಿಳಿ ಬಣ್ಣ ಬಳಿಯುವುದು ಈಗ ಎಲ್ಲೆಲ್ಲೂ ಕಾಣುತ್ತದೆ. ನನಗೆ ಅದು ಸಂಕಟ ತರುತ್ತದೆ. ಸಾಮಾನ್ಯ ಬಣ್ಣ ಗೋಡೆಯ ತೇವವನ್ನು ಒಳಗೇ ಕೂಡಿಹಾಕುತ್ತದೆ, ಆಮೇಲೆ ಪೊರೆ ಪೊರೆಯಾಗಿ ಏಳುತ್ತದೆ. ಒಮ್ಮೆ ಬಳಿದರೆ ಮತ್ತೆ ಮತ್ತೆ ಬಳಿಯುತ್ತಲೇ ಇರಬೇಕು, ಹಿಂದಿನ ಇಟ್ಟಿಗೆ ಹಾಗೇ ವಾಪಸ್ ಬರುವುದಿಲ್ಲ. ಬಿಳಿಯೇ ಬೇಕು ಅಂದರೆ ಸುಣ್ಣ ಹೊಡೆಸಿ, ತೇವ ಆರುತ್ತದೆ. ಜೋರು ಒತ್ತಡದ ನೀರಿನಲ್ಲಿ ತೊಳೆಯುವುದೂ ಬೇಡ. ಅದು ಗಾರೆ ಕಿತ್ತು, ಸಂದಿಗೆ ನೀರು ನುಗ್ಗಿಸುತ್ತದೆ. ಗೋಡೆ ಮೇಲೆ ಉಪ್ಪಿನಂಥ ಬಿಳಿ ಪುಡಿ ಕಂಡರೆ ಅದು ನಿಜಕ್ಕೂ ಉಪ್ಪೇ. ನೀರು ಹೊತ್ತು ತಂದು ಬಿಟ್ಟು ಹೋದದ್ದು. ಒಣ ಬ್ರಷ್‌ನಲ್ಲಿ ಉಜ್ಜಿ, ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹತ್ತಿದ್ದರೆ ಕಿಟಕಿ ಮೇಲಿನ ಕಬ್ಬಿಣದ ಪಟ್ಟಿ ನೋಡಿ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಇಟ್ಟಿಗೆಯನ್ನು ಎತ್ತುತ್ತದೆ.

ಇಷ್ಟೆಲ್ಲ ಮಾಡಿಕೊಂಡು ಇಲ್ಲಿ ಯಾಕಿದ್ದೇವೆ ಅಂದರೆ, ಕಾಲಿಗೆ ಚಪ್ಪಲಿ ಮೆಟ್ಟಿ ಊರಿನೊಳಗೆ ಹೋಗಬಹುದು ಅಂತ. ಸ್ಯಾನ್‌ಫರ್ಡ್ ಹುಟ್ಟಿದ್ದೇ ರೈಲು ದಾರಿಗಳು ಕೂಡುವ ಜಾಗದಲ್ಲಿ. 1872ರ ರೈಲ್‌ರೋಡ್ ಹೌಸ್ ಇನ್ನೂ ನಿಂತಿದೆ, ಊರಿಗೆ ಪುರಸಭೆ ಬಂದದ್ದು ಅದಾಗಿ ಎರಡು ವರ್ಷಕ್ಕೆ. 1925ರ ಟೆಂಪಲ್ ಥಿಯೇಟರ್‌ನಲ್ಲಿ ಈಗಲೂ ನಾಟಕ ಆಡುತ್ತಾರೆ. ಟಿಕೆಟ್ ತಗೊಂಡು ನಡೆದೇ ಹೋಗಿ ನಡೆದೇ ಬರುತ್ತೇವೆ. ಒಂದು ವಿಷಯ ಗಮನಿಸಿ: 1950ರ ದಶಕದಲ್ಲಿ ಎದ್ದ ಬೀದಿಗಳಲ್ಲಿ ಎಷ್ಟೋ ಕಡೆ ಕಾಲುದಾರಿ ಇಲ್ಲ. ಡೌನ್‌ಟೌನ್ ಎಷ್ಟು ಮೈಲಿ ಅಂತ ನಕ್ಷೆಯಲ್ಲಿ ನೋಡಿದರೆ ಸಾಲದು. ಕತ್ತಲಾದ ಮೇಲೆ ಮಕ್ಕಳ ಕೈ ಹಿಡಿದು ಆ ದಾರಿ ನಡೆದು ನೋಡಬೇಕು.

ರಾತ್ರಿಯೂ ಒಮ್ಮೆ ಹೋಗಿ ನಿಲ್ಲಿ. ರೈಲು ಗೇಟು ಬರುವ ಮೊದಲು ಚಾಲಕ 15ರಿಂದ 20 ಸೆಕೆಂಡು ಹಾರ್ನ್ ಹೊಡೆಯಬೇಕು ಅಂತ ಇಡೀ ದೇಶಕ್ಕೆ ನಿಯಮವಿದೆ. ಉದ್ದ, ಉದ್ದ, ಗಿಡ್ಡ, ಮತ್ತೆ ಉದ್ದ. ನಮಗೆ ಅದು ಅಭ್ಯಾಸವಾಗಿದೆ. ಭಾರತದಿಂದ ಬಂದ ಅತ್ತೆಯವರಿಗೆ ಕೊನೆಯವರೆಗೂ ಆಗಲಿಲ್ಲ.

ದೊಡ್ಡ ಮರಗಳ ನೆರಳು ಹೊಸ ಬಡಾವಣೆಯಲ್ಲಿ ಸಿಗುವುದಿಲ್ಲ. ನಮ್ಮ ಬೀದಿಯ ವಿಲ್ಲೋ ಓಕ್‌ಗಳನ್ನು ಇಬ್ಬರು ಸೇರಿ ತಬ್ಬಬೇಕು. ಅವುಗಳ ಎಲೆ ಸಣ್ಣದು, ನವೆಂಬರ್‌ನಲ್ಲಿ ಗಟರ್ ಜಾಲರಿಯನ್ನೂ ದಾಟಿ ತುಂಬಿಕೊಳ್ಳುತ್ತದೆ. ಏಣಿ ಹತ್ತಲೇಬೇಕು. ಪಕ್ಕದ ಮನೆಯ ಅಜ್ಜಿ ತಮ್ಮ ಮನೆಗೆ ಮದುವಣಗಿತ್ತಿಯಾಗಿ ಬಂದವರು. ನಮ್ಮ ಅಂಗಳದಲ್ಲಿ ನೀರಿನ ಪೈಪು ಎಲ್ಲಿ ಹೋಗುತ್ತದೆ ಅನ್ನುವುದು ಯಾವ ನಕ್ಷೆಯಲ್ಲೂ ಸಿಗದೆ, ಕಡೆಗೆ ಅವರೇ ಬಂದು ಕೋಲಲ್ಲಿ ಗೆರೆ ಎಳೆದು ತೋರಿಸಿದರು. ನಾನು ಅವರ ಗಟರ್‌ನ ಎಲೆಯನ್ನೂ ತೆಗೆದುಕೊಡುತ್ತೇನೆ. ಇಲ್ಲಿ ಮನೆಮಾಲೀಕರ ಸಂಘದ ಕಾಟವಿಲ್ಲ, ತಿಂಗಳ ವಂತಿಗೆಯೂ ಇಲ್ಲ. ಹಾಗಾಗಿ ಬೀದಿ ಚೆನ್ನಾಗಿರುವುದು ಇಂಥ ಕೊಡುಕೊಳ್ಳುವಿಕೆಯಿಂದಲೇ.

ಜಮೀನಿನ ಹಳೇ ಪತ್ರಗಳನ್ನು ಕೌಂಟಿ ಕಚೇರಿಯಲ್ಲಿ ಯಾರು ಬೇಕಾದರೂ ಓದಬಹುದು, ಓದಿ. ಅಮೆರಿಕದ ಈ ವಯಸ್ಸಿನ ಎಷ್ಟೋ ಬಡಾವಣೆಗಳ ಪತ್ರದಲ್ಲಿ, ಬಿಳಿಯರಲ್ಲದವರಿಗೆ ಮಾರಬಾರದು ಅನ್ನುವ ಸಾಲು ಇರುತ್ತಿತ್ತು. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂದಿತು, 1968ರ ಕಾನೂನು ಮಾರಾಟದಲ್ಲಿ ಭೇದ ಮಾಡುವುದನ್ನೇ ನಿಷೇಧಿಸಿತು. ನಮ್ಮಂಥವರು ಈ ಬೀದಿಗೆ ಬಂದು ನೆಲೆಸಲು ಯಾರ್ಯಾರು ಹೋರಾಡಿದ್ದಾರೆ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಕೊನೆಯದಾಗಿ ಒಂದು ಗೊಂದಲ, ಕೊಳ್ಳಲು ಹೊರಟ ಎಲ್ಲರೂ ಕೇಳುವುದು. ಐತಿಹಾಸಿಕ ಪ್ರದೇಶದಲ್ಲಿ ಮನೆ ತಗೊಂಡರೆ ಕಿಟಕಿ ಬದಲಿಸಲೂ ಅಪ್ಪಣೆ ಬೇಕಾ ಅಂತ. ಎರಡು ಬೇರೆ ಬೇರೆ ಪಟ್ಟಿಗಳಿವೆ. 1966ರ ಕಾನೂನಿನಿಂದ ಬಂದ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ, ಸ್ವಂತ ಹಣದಲ್ಲಿ ನಿಮ್ಮ ಮನೆಗೆ ಏನು ಮಾಡಿಕೊಂಡರೂ ಕೇಂದ್ರ ಸರ್ಕಾರ ತಡೆಯುವುದಿಲ್ಲ. ನಗರವೇ ಗುರುತಿಸಿದ ಸ್ಥಳೀಯ ಪ್ರದೇಶ ಆದರೆ ಮಾತ್ರ ಹೊರಗಿನ ಬದಲಾವಣೆಗೆ ಮುಂಚೆ ಸಮಿತಿಯ ಒಪ್ಪಿಗೆ ಪತ್ರ ಬೇಕು. ಒಂದೇ ಬೀದಿಯ ಒಂದು ಬದಿ ಒಳಗೆ, ಇನ್ನೊಂದು ಬದಿ ಹೊರಗೆ ಇರಬಹುದು. ಮನೆ ತೋರಿಸುವ ಏಜೆಂಟರ ಮಾತಿನ ಮೇಲೆ ಬಿಡದೆ, ಡ್ಯೂ ಡಿಲಿಜೆನ್ಸ್ ದಿನಗಳಲ್ಲೇ ನಗರದ ಯೋಜನಾ ಕಚೇರಿಗೆ ವಿಳಾಸ ಹೇಳಿ ಕೇಳಿ.