ಮೂಲೆ ಮುರಿದ ಮೇಲೆ ಅರ್ಥವಾದ ಫ್ಲೋರೈಟ್

ಕೆಲಸಕ್ಕೆ ಅಂತ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಬಂದು ಆರು ವರ್ಷ ಆಯ್ತು. ಇಲ್ಲಿಂದ ಕಾರಲ್ಲಿ ಹೋದ್ರೆ ವಿಯರ್‌ಡೇಲ್ ಅನ್ನೋ ಕಣಿವೆ ಸಿಗುತ್ತೆ, ಹಿಂದೆ ಸೀಸದ ಗಣಿಗಳಿದ್ದ ಜಾಗ. ಸೀಸದ ಜೊತೆ ಸಿಗ್ತಿದ್ದ, ಫ್ಲೋರೈಟ್ ಅನ್ನೋ ಖನಿಜದಂಥ ಹರಳುಗಳನ್ನ ಗಣಿ ಕೆಲಸದವರು ಮನೆಗೆ ತಗೊಂಡುಹೋಗಿ ಗಾಜಿನ ಮುಖ ಇರೋ ಪೆಟ್ಟಿಗೆಯೊಳಗೆ ಪುಟ್ಟ ಗುಹೆ ಥರ ಜೋಡಿಸಿಡ್ತಿದ್ರು, ಅದಕ್ಕೆ ಸ್ಪಾರ್ ಬಾಕ್ಸ್ ಅಂತಾರೆ. ಕಿಲ್‌ಹೋಪ್ ಮ್ಯೂಸಿಯಂನಲ್ಲಿ ಅದನ್ನ ನೋಡಿದ ಮೇಲೆ ನನಗೂ ಹುಚ್ಚು ಹಿಡೀತು.

ಮೊದಲು ತಗೊಂಡಿದ್ದು ಎಂಟು ಮುಖದ ನೇರಳೆ ಫ್ಲೋರೈಟ್ ಪೀಸ್. ಭೂಮಿಯಲ್ಲಿ ಹಾಗೇ ಬೆಳೆದಿದೆ ಅಂತ ನಂಬಿದ್ದೆ. ಆಮೇಲೆ ದುಡ್ಡು ಕೂಡಿಟ್ಟು ಅದೇ ಕಣಿವೆಯ ರೋಜರ್ಲಿ ಗಣಿದು ಒಂದು ಹಸಿರು ಪೀಸ್ ತಗೊಂಡೆ, ಮೂರು ಸೆಂಟಿಮೀಟರ್ ಇರಬಹುದು, ದಾಳದ ಆಕಾರದ ಎರಡು ಘನಗಳು ಒಂದರೊಳಗೊಂದು ತೂರಿಕೊಂಡು ಬೆಳೆದಿರೋದು. ವಿಡಿಯೋ ಕಾಲಲ್ಲಿ ತೋರಿಸಿದ್ರೆ ಅಮ್ಮ "ಇದೇನೋ, ಹಸಿರು ಕಲ್ಲುಸಕ್ಕರೆ ಇದ್ದಂಗಿದೆ" ಅಂದ್ರು.

ಸಂದಿಯಲ್ಲಿ ಧೂಳಿತ್ತು ಅಂತ ಬಿಸಿನೀರಿನ ನಲ್ಲಿ ಕೆಳಗೆ ಹಿಡಿದೆ, ಟಕ್ ಅಂತ ಸದ್ದು ಬಂತು, ಒಂದು ಮೂಲೆ ಸಿಂಕಿಗೆ ಬಿತ್ತು. ಹೊಟ್ಟೆ ಉರಿದುಹೋಯ್ತು. ಫ್ಲೋರೈಟ್ ದಿಢೀರ್ ಬಿಸಿ ತಡ್ಕೊಳ್ಳೋದೇ ಇಲ್ಲ. ಆದ್ರೆ ಮುರಿದ ಜಾಗ ನೋಡಿದ್ರೆ ಒರಟೇ ಇಲ್ಲ, ಕನ್ನಡಿ ಥರ ನುಣ್ಣಗಿರೋ ತ್ರಿಕೋನ! ಈ ಖನಿಜ ನಾಲ್ಕು ದಿಕ್ಕಲ್ಲಿ ಸಲೀಸಾಗಿ ಸೀಳುತ್ತೆ, ಘನದ ಎಂಟು ಮೂಲೆಗಳನ್ನೂ ಹೀಗೇ ಸೀಳ್ತಾ ಹೋದ್ರೆ ಕೊನೆಗೆ ಉಳಿಯೋದೇ ಎಂಟು ಮುಖದ ತುಂಡು. ಅಂದ್ರೆ ನನ್ನ ಮೊದಲನೇ ಪೀಸ್ ಯಾರೋ ಕೈಯಲ್ಲಿ ಸೀಳಿ ಮಾಡಿದ್ದು ಅಂತ ಆವತ್ತು ಗೊತ್ತಾಯ್ತು. ತಾನಾಗೇ ಎಂಟು ಮುಖವಾಗಿ ಬೆಳೆಯೋದೂ ಇದೆ, ಆದ್ರೆ ಅಗ್ಗಕ್ಕೆ ಸಿಗೋವು ಹೆಚ್ಚಾಗಿ ಸೀಳಿದವು.

ಅದಕ್ಕೇ ಈಗ ತಗೊಳ್ಳೋ ಮುಂಚೆ ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್‌ನಲ್ಲಿ ಪ್ರತಿ ಮೂಲೆ, ಪ್ರತಿ ಅಂಚು ನೋಡ್ತೀನಿ, ಗಡಸುತನ ಹತ್ತರ ಅಳತೆಯಲ್ಲಿ ಬರೀ 4 ಇರೋದ್ರಿಂದ ಗೀರು ಬೇಗ ಬೀಳುತ್ತೆ. ಯಾವ ಗಣಿದು ಅನ್ನೋ ಚೀಟಿ ಇಲ್ಲದ ಪೀಸ್ ನಾನು ಮುಟ್ಟಲ್ಲ, ಚೀಟಿ ಕಳೆದ್ರೆ ಅದರ ಊರೇ ಕಳೆದಂಗೆ. ತೊಳೆಯೋದು ತಣ್ಣೀರಲ್ಲಿ, ಮೆತ್ತಗಿನ ಬ್ರಷ್ ಹಿಡಿದು.

ರೋಜರ್ಲಿ ಪೀಸನ್ನ ಮನೆ ಲೈಟಲ್ಲಿ ನೋಡಿದ್ರೆ ಅರ್ಧ ಮಾತ್ರ ನೋಡಿದಂಗೆ. ಬಿಸಿಲಿಗೆ ಹಿಡೀಬೇಕು, ಹಸಿರು ಹೋಗಿ ಒಳಗಿಂದ ನೀಲಿ ಏಳುತ್ತೆ, ಯುವಿ (ಅತಿನೇರಳೆ ಬೆಳಕಿನ) ಟಾರ್ಚೂ ಬೇಡ. 1852ರಲ್ಲಿ ಸ್ಟೋಕ್ಸ್ ಅನ್ನೋ ವಿಜ್ಞಾನಿ ಇಂಥ ಹೊಳಪಿಗೆ 'ಫ್ಲೋರೆಸೆನ್ಸ್' ಅನ್ನೋ ಹೆಸರು ಕಟ್ಟಿದ್ದು ಇದೇ ಖನಿಜದ ಹೆಸರಿಂದ. ಇಲ್ಲಿನ ಚಳಿಗಾಲದಲ್ಲಿ ಬಿಸಿಲೇ ಅಪರೂಪ, ಮೋಡ ಸರಿದ ತಕ್ಷಣ ಎತ್ಕೊಂಡು ಹಿತ್ತಲಿಗೆ ಓಡ್ತೀನಿ. ಹಾಗಂತ ಕಿಟಕಿ ಕಟ್ಟೆ ಮೇಲೆ ಇಟ್ಟುಬಿಡಬೇಡಿ, ಇಂಥ ಹಸಿರು ಬಿಸಿಲಿಗೆ ಬಣ್ಣ ಕಳೆದುಕೊಳ್ಳಬಹುದು. ಎರಡು ನಿಮಿಷ ನೋಡಿ ವಾಪಸ್ ಡ್ರಾಯರ್‌ಗೆ.

ಹೋದ ವರ್ಷ ನಾಸಿಕ್ ಹತ್ತಿರದ ಮಹೋದರಿದು ಒಂದು ಸಿಕ್ತು, ಜೇನಿನ ಬಣ್ಣದ ಗುಂಡು ಗುಂಡು ಉಬ್ಬುಗಳು, ಮೂಲೆ ಅನ್ನೋದೇ ಇಲ್ಲ. ಫ್ಲೋರೈಟ್ ಅಂದ್ರೆ ಘನ ಅಂದ್ಕೊಂಡಿದ್ದ ನನಗೆ ಅದನ್ನ ಎಷ್ಟು ಹೊತ್ತು ನೋಡಿದ್ರೂ ಸಾಕಾಗಲಿಲ್ಲ.

ಸಿಂಕಲ್ಲಿ ಬಿದ್ದ ಆ ಮೂಲೆನ ಅಂಟಿಸಲಿಲ್ಲ, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟಿದ್ದೀನಿ. ಮೊನ್ನೆ ಭಾನುವಾರ ಬಿಸಿಲು ಬಂದಾಗ ಅಂಗೈ ಮೇಲೆ ಹಿಡಿದೆ, ಮೆಣಸಿನಕಾಳಿನಷ್ಟಿರೋ ಆ ಚೂರೂ ನೀಲಿ ಆಯ್ತು.